ಕುತ್ತಿಗೆಯ ಬಾವಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಒದಗಿಸುವ ಕುರಿತು ಮನವಿ ಪತ್ರ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಸನ್ನಿಧಾನಕ್ಕೆ, ಹಾಸನ.

ವಿಷಯ: ಬಾಯಿ ಹಾಗೂ ಗಂಟಲ ಕ್ಯಾನ್ಸರಿನ ಚಿಕಿತ್ಸೆಯ ತರುವಾಯ ಉಂಟಾಗುವ ದುಗ್ಧರಸದ ಬಾವಿನ ಆರೈಕೆ.

ಮಾನ್ಯರೆ,

ಕಾವೇರಿಯ ದಡದಲ್ಲಿ ರಾಮೇಶ್ವರ, ಸುಬ್ರಹ್ಮಣ್ಯ ದೇವಾಲಯಗಳಿಂದ ಪ್ರಸಿದ್ಧವಾದ ನಮ್ಮ ರಾಮನಾಥಪುರವು ತಂಬಾಕಿನ ಹರಾಜಿಗೂ ಹೆಸರಾದುದು. ಇಲ್ಲಿ ಬೆಳೆದ ಎಲೆಯು ಸಿಗರೇಟಿಗೆಂದು ಹೊರಟುಹೋದರೂ, ಎಲೆಅಡಿಕೆಯೊಡನೆ ಹೊಗೆಸೊಪ್ಪನ್ನು ದವಡೆಯಲ್ಲಿರಿಸಿಕೊಳ್ಳುವ ಅಭ್ಯಾಸವು, ಬಾಯಿಯ ಕ್ಯಾನ್ಸರಿಗೆ ಮುಖ್ಯ ಕಾರಣಗಳಲ್ಲೊಂದಾದ ಅಭ್ಯಾಸವು, ನಮ್ಮವರನ್ನು ಬಿಟ್ಟಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಕಡೆ ಶಸ್ತ್ರಕ್ರಿಯೆಯನ್ನೂ, ಜನರು ಕರೆಂಟು ಎಂದು ಹೇಳುವ ವಿಕಿರಣ ಚಿಕಿತ್ಸೆಯನ್ನೂ ಹೊಂದಿ ಬದುಕಿ ಬಂದವರಾದ ನಾವು, ಆ ಉಪಕಾರವನ್ನು ಕೃತಜ್ಞತೆಯಿಂದ ಸ್ಮರಿಸುತ್ತ, ಅನಂತರದ ಒಂದು ಸಂಕಟವನ್ನು ತಮ್ಮಲ್ಲಿ ವಿಜ್ಞಾಪಿಸುತ್ತೇವೆ.

ಶರೀರದ ದುಗ್ಧಗ್ರಂಥಿಗಳಲ್ಲಿ ಸುಮಾರು ಮೂರನೆಯ ಒಂದಂಶವು ತಲೆ ಕುತ್ತಿಗೆಗಳಲ್ಲಿಯೇ ಇರುವುದರಿಂದ, ರೋಗವು ಹರಡದಂತೆ ಕುತ್ತಿಗೆಯ ಗ್ರಂಥಿಗಳನ್ನು ತೆಗೆದು, ಸುತ್ತಲಿನ ಭಾಗವು ವಿಕಿರಣದಿಂದ ಬಿರುಸಾದಾಗ, ಹರಿಯಬೇಕಾದ ದುಗ್ಧರಸವು ಗಲ್ಲದ ಕೆಳಗೂ ಗಂಟಲೊಳಗೂ ನಿಂತು ಬಾವಾಗುತ್ತದೆ. ರಾತ್ರಿಯೆಲ್ಲ ಮಲಗಿ ಎದ್ದವನಿಗೆ ಬೆಳಗ್ಗೆ ಅಂಗಿಯ ಕೊರಳ ಗುಂಡಿ ಹಾಕಿಕೊಳ್ಳಲಾಗದು. ಎದ್ದು ಓಡಾಡಿದ ಮೇಲೆ ಬಾವು ಕೊಂಚ ಇಳಿದೀತು. ಒಳಬಾವು ಉಳ್ಳವನಿಗೆ ಮುದ್ದೆಯ ತುತ್ತು ಇಳಿಯದು, ದನಿಯೂ ಒಡೆಯುತ್ತದೆ. ಮೊದಮೊದಲು ಬೆರಳೊತ್ತಿದರೆ ತಗ್ಗುವಷ್ಟು ಮೆತ್ತಗಿರುವ ಈ ಬಾವು, ಉಪೇಕ್ಷಿಸಿದಲ್ಲಿ ಕ್ರಮೇಣ ಗಡುಸಾಗಿ ಚಿಕಿತ್ಸೆಗೆ ಸುಲಭವಾಗಿ ಬಗ್ಗದು.

ಪರಿಹಾರಕ್ಕೆ ದೊಡ್ಡ ಯಂತ್ರವೇನೂ ಬೇಡ. ತರಬೇತಾದ ಕೈಯು ಚರ್ಮವನ್ನು ಹಗುರವಾಗಿ ಸರಿಸುತ್ತ, ಮೊದಲು ಕಂಕುಳ ಕಡೆಯ ದಾರಿಯನ್ನು ತೆರವು ಮಾಡಿ ಬಳಿಕ ಕುತ್ತಿಗೆಯ ರಸವನ್ನು ಅತ್ತ ಹರಿಸುವುದು, ಗಲ್ಲಕ್ಕೆ ಹದವಾದ ಒತ್ತುಪಟ್ಟಿ, ದವಡೆ ಭುಜಗಳ ವ್ಯಾಯಾಮ, ಚರ್ಮದ ಆರೈಕೆ, ಇವಿಷ್ಟೇ ಅದರ ಅಂಗಗಳು. ಆದರೆ ಇದು ಕೆಲವು ವಾರಗಳ ಕಾಲ ಮೇಲಿಂದ ಮೇಲೆ ನಡೆಯಬೇಕಾದ ಕ್ರಮವಾದುದರಿಂದ, ಕೂಲಿಯನ್ನು ಬಿಟ್ಟು ಪ್ರತಿಸಲವೂ ದೂರದ ಪಟ್ಟಣಕ್ಕೆ ಹೋಗಿಬರುವುದು ಬಡವನಿಗೆ ಸಾಧ್ಯವಿಲ್ಲ. ಆನೆಕಾಲು ರೋಗದ ಬಾವಿಗೆ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯು ರೂಪಿಸಿದ ಸ್ವಯಂ ಆರೈಕೆಯ ಕ್ರಮವನ್ನು ನಮ್ಮ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿಯೂ ನಡೆಸಿದ್ದುಂಟು. ರೋಗ ಬೇರೆಯಾದರೂ, ಇಂತಹ ಆರೈಕೆಯನ್ನು ಮನೆಯ ಬಳಿಗೆ ತರಬಹುದೆಂಬುದಕ್ಕೆ ಅದು ನಿದರ್ಶನ.

ಆದಕಾರಣ ನಮ್ಮ ಬೇಡಿಕೆಗಳು:

1. ಅರಕಲಗೂಡು ತಾಲ್ಲೂಕು ಆಸ್ಪತ್ರೆಯಲ್ಲಿ ವಾರದ ನಿಗದಿತ ದಿನಗಳಂದು ಈ ಚಿಕಿತ್ಸೆ ದೊರೆಯಬೇಕು. ಕ್ಯಾನ್ಸರ್ ಮರುಕಳಿಸಿಲ್ಲವೆಂದೂ ಸೋಂಕಿಲ್ಲವೆಂದೂ ವೈದ್ಯರು ನೋಡಿದ ಮೇಲೆಯೇ ಅದು ಆರಂಭವಾಗಬೇಕು.

2. ಚಿಕಿತ್ಸೆ ಮುಗಿಸಿ ಊರಿಗೆ ಮರಳಿದವರ ಮನೆಗೆ ಆಶಾ ಕಾರ್ಯಕರ್ತೆಯರು ಹೋಗಿ, ಬಾವು ಕಂಡೊಡನೆ ಆಸ್ಪತ್ರೆಗೆ ಕಳುಹಿಸಬೇಕು.

3. ಜಿಲ್ಲೆಯ ಫಿಸಿಯೋಥೆರಪಿಸ್ಟರಿಗೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ವಿಶೇಷ ತರಬೇತಿ ಕೊಡಿಸಬೇಕು.

4. ಒತ್ತುಪಟ್ಟಿಯ ವೆಚ್ಚವನ್ನು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿಂದ ಭರಿಸಬೇಕು.

5. ಹರಾಜಿನ ದಿನಗಳಲ್ಲಿ ಬೆಳೆಗಾರರು ನೆರೆಯುವ ಮಾರುಕಟ್ಟೆಯ ಆವರಣದಲ್ಲಿಯೇ ಬಾಯಿ ತಪಾಸಣೆಯ ಶಿಬಿರ ನಡೆಸಬೇಕು.

ಇವುಗಳಲ್ಲಿ ಎರಡನೆಯದಕ್ಕೂ ಐದನೆಯದಕ್ಕೂ ಹೊಸ ಕಟ್ಟಡವಾಗಲಿ ಯಂತ್ರವಾಗಲಿ ಬೇಕಿಲ್ಲವಾದುದರಿಂದ, ಅವನ್ನು ತಡವಿಲ್ಲದೆ ಕಾರ್ಯಗತಗೊಳಿಸಿ, ಉಳಿದವನ್ನು ಸರ್ಕಾರಕ್ಕೆ ಶಿಫಾರಸು ಮಾಡಿ, ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಚಿಕಿತ್ಸೆ ಹೊಂದಿದವರು ಮತ್ತು ಅವರ ಕುಟುಂಬದವರು,
ರಾಮನಾಥಪುರ ಹೋಬಳಿ, ಅರಕಲಗೂಡು ತಾಲ್ಲೂಕು.