ಎಂಟನೇ ತರಗತಿಯ ಹಾಜರಿ ಪುಸ್ತಕ ತೋರಿಸಿ

ಮೇ ತಿಂಗಳು ಬಂತೆಂದರೆ ನಮ್ಮ ಹೊಸಕೋಟೆ ತಾಲ್ಲೂಕಿನ ರಸ್ತೆಗಳಲ್ಲಿ ಪುಢಾರಿಗಳ ಹುಟ್ಟುಹಬ್ಬದ ಬ್ಯಾನರುಗಳ ಪಕ್ಕ ಶಾಲೆಗಳ ಬ್ಯಾನರುಗಳೂ ಏಳುತ್ತವೆ. ‘ಎಸ್.ಎಸ್.ಎಲ್.ಸಿ.ಯಲ್ಲಿ ನೂರಕ್ಕೆ ನೂರು ಫಲಿತಾಂಶ’ ಎಂದು ದೊಡ್ಡಕ್ಷರ, ಕೆಳಗೆ ಎಂಟೋ ಹತ್ತೋ ಮಕ್ಕಳ ಫೋಟೋ, ಅದರ ಕೆಳಗೆ ‘ಪ್ರವೇಶ ಆರಂಭವಾಗಿದೆ’. ಬಸ್ಸಿನಲ್ಲಿ ಕೂತ ತಾಯಂದಿರು ಅದನ್ನು ಓದಿ, ಫೀಸು ಎಷ್ಟಿರಬಹುದು ಎಂದು ಪಕ್ಕದವರನ್ನು ಕೇಳುತ್ತಾರೆ. ಆ ನೂರು ಯಾವ ನೂರು ಎಂದು ಕೇಳಿದವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ.

ನಾನು ಪಾಠ ಹೇಳುವುದು ಅನುಗೊಂಡನಹಳ್ಳಿ ಹೋಬಳಿಯಲ್ಲಿ. ಅತ್ತ ವೈಟ್‌ಫೀಲ್ಡು, ಇತ್ತ ಮಾಲೂರು, ನಡುವೆ ನಾವು. ರಾಗಿ ಹೊಲಗಳು ನೋಡನೋಡುತ್ತಾ ಸೈಟುಗಳಾದವು. ಹೊಲ ಮಾರಿದವರ ಮಕ್ಕಳು ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋದರು. ನಮ್ಮ ಬೆಂಚುಗಳ ಮೇಲೆ ಉಳಿದವರು ಬೇರೆ. ಮನೆಯಲ್ಲಿ ತೆಲುಗು ಆಡುವವರು, ತಮಿಳು ಆಡುವವರು, ಕಟ್ಟಡದ ಕೆಲಸಕ್ಕೆಂದು ರಾಯಚೂರು, ಯಾದಗಿರಿ ಕಡೆಯಿಂದ ಬಂದವರ ಮಕ್ಕಳು. ಎಂಟನೇ ತರಗತಿಗೆ ಬರುವ ಹೊತ್ತಿಗೆ ಮೂರು ಶಾಲೆ ಬದಲಿಸಿದವರೂ ಇರುತ್ತಾರೆ. ಜೂನಿನಲ್ಲಿ ನಾನು ನಾಲ್ಕನೇ ತರಗತಿಯ ಕನ್ನಡ ಪುಸ್ತಕ ಕೊಟ್ಟು ಒಂದು ಪುಟ ಓದಿಸುತ್ತೇನೆ. ಕೆಲವರು ನೀರು ಕುಡಿದ ಹಾಗೆ ಓದುತ್ತಾರೆ. ಕೆಲವರು ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾರೆ. ಮೂರು ವರ್ಷದ ನಂತರ ಇವರೆಲ್ಲರೂ 100 ಅಂಕದ ಅದೇ ಕನ್ನಡ ಪತ್ರಿಕೆ ಬರೆಯಬೇಕು. ಒತ್ತಕ್ಷರ ಬಾರದವನು ಪತ್ರ ಬರೆಯುವ ಮಟ್ಟಕ್ಕೆ ಬಂದು, ನಾಲ್ಕು ಅಂಕ ಕಡಿಮೆಯಾಗಿ ಫೇಲಾದರೆ ಶಾಲೆಗೆ ಸೊನ್ನೆ. ಮೊದಲೇ ಓದು ಬಂದವನು ಮೂರು ವರ್ಷ ಏನೂ ಹೊಸದು ಕಲಿಯದೆ ಪಾಸಾದರೆ ಶಾಲೆಗೆ ಒಂದು. ಇದಕ್ಕೆ ಶೈಕ್ಷಣಿಕ ಸಾಧನೆಯ ಮೌಲ್ಯಮಾಪನ ಎಂದು ಹೆಸರು!

ಕೊರೋನಾ ಬರುವ ಎರಡು ವರ್ಷ ಮುಂಚೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನಮ್ಮ ಶಾಲೆಗೆ ಬಂದರು. ಆಕೆ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ ಮಾಡುವವರು. ಮಗಳು ಒಂದು ಖಾಸಗಿ ಶಾಲೆಯಲ್ಲಿ ಓದುತ್ತಿದ್ದಳು, ಹೆಸರು ಬೇಡ. ಒಂಬತ್ತನೇ ತರಗತಿ ಮುಗಿಯುತ್ತಲೇ ಅಲ್ಲಿ ಹೇಳಿದರಂತೆ: ಹುಡುಗಿ ಗಣಿತದಲ್ಲಿ ವೀಕು, ಇಲ್ಲೇ ಇದ್ದರೆ ಒಂಬತ್ತರಲ್ಲೇ ಇನ್ನೊಂದು ವರ್ಷ ಕೂರಿಸುತ್ತೇವೆ, ಟಿ.ಸಿ. ತೆಗೆದುಕೊಂಡು ಹೋಗುವುದಾದರೆ ಪಾಸು ಎಂದು ಬರೆದುಕೊಡುತ್ತೇವೆ. “ಎಲ್‌ಕೆಜಿಯಿಂದ ಹನ್ನೊಂದು ವರ್ಷ ಫೀಸು ಕಟ್ಟಿದೀನಿ ಮೇಡಂ, ಚೀಟಿ ಎತ್ತಿ ಕಟ್ಟಿದೀನಿ. ಕೊನೇ ವರ್ಷ ಬೇಡ ಅಂತಾರೆ” ಎಂದು ಆಕೆ ಅತ್ತರು. ಹುಡುಗಿ ಅಳಲಿಲ್ಲ, ಕಿಟಕಿ ಕಡೆ ನೋಡುತ್ತಾ ನಿಂತಿದ್ದಳು. ಸೇರಿಸಿಕೊಂಡೆವು. ಮಾರ್ಚಿಯಲ್ಲಿ ಗಣಿತ ಹೋಯಿತು. ಆಗಲೇ ಮನೆಯಲ್ಲಿ ಅವಳಿಗೆ ಗಂಡು ನೋಡುವ ಮಾತು ಶುರುವಾಗಿತ್ತು. ಹತ್ತನೇ ತರಗತಿಯಲ್ಲಿ ಫೇಲಾದ ಹುಡುಗಿಯ ಗತಿ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಗಣಿತದ ಮೇಷ್ಟ್ರು ಬೇಸಿಗೆ ರಜೆಯಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು, ಪೂರಕ ಪರೀಕ್ಷೆಯಲ್ಲಿ ಪಾಸಾದಳು. ಆ ಪಾಸು ನಮ್ಮ ಪರ್ಸೆಂಟೇಜಿಗೆ ಸೇರಲಿಲ್ಲ. ಅವಳನ್ನು ಕಳಿಸಿಕೊಟ್ಟ ಶಾಲೆಯ ಬ್ಯಾನರಿನಲ್ಲಿ ಆ ವರ್ಷವೂ ನೂರಕ್ಕೆ ನೂರೇ ಇತ್ತು.

ಇದು ಹೇಗೆ ಸಾಧ್ಯ ಎನ್ನುವವರಿಗೆ ಒಂದು ಮಾದರಿ ಲೆಕ್ಕ ಹೇಳುತ್ತೇನೆ, ಕಾಗದ ಪೆನ್ಸಿಲು ಬೇಕಾಗಿಲ್ಲ. ಒಂದು ಶಾಲೆಗೆ ಎಂಟನೇ ತರಗತಿಗೆ 60 ಮಕ್ಕಳು ಸೇರಿದರು ಎನ್ನಿ. ಟಿ.ಸಿ. ಕೊಟ್ಟು, ಒಂಬತ್ತರಲ್ಲಿ ಉಳಿಸಿಕೊಂಡು 12 ಜನರನ್ನು ಕಳೆದರು. ಉಳಿದ 48 ಜನ ಪರೀಕ್ಷೆ ಬರೆದು 48 ಜನವೂ ಪಾಸಾದರು. ಪೇಪರಿನಲ್ಲಿ ನೂರಕ್ಕೆ ನೂರು. ಇನ್ನೊಂದು ಶಾಲೆಗೆ 50 ಮಕ್ಕಳು ಸೇರಿದರು, ಯಾರನ್ನೂ ಬಿಡಲಿಲ್ಲ, ಬೇರೆಯವರು ಬಿಟ್ಟ 6 ಜನರನ್ನೂ ಸೇರಿಸಿಕೊಂಡರು. 56 ಜನ ಬರೆದರು. ತಮ್ಮವರಲ್ಲಿ 40, ಹೊಸಬರಲ್ಲಿ 2, ಒಟ್ಟು 42 ಜನ ಪಾಸಾದರು. ಪೇಪರಿನಲ್ಲಿ ನೂರಕ್ಕೆ 75. ಈಗ ಎಂಟಕ್ಕೆ ಸೇರಿದ ಮಕ್ಕಳಿಂದಲೇ ಎಣಿಸಿ: ಅಲ್ಲಿ 60ಕ್ಕೆ 48, ಇಲ್ಲಿ 50ಕ್ಕೆ 40. ಎರಡೂ ಕಡೆ ನೂರಕ್ಕೆ 80! ಒಂದು ಶಾಲೆಗೆ ಸನ್ಮಾನ, ಇನ್ನೊಂದಕ್ಕೆ ಕಾರಣ ಕೇಳಿ ನೋಟಿಸು.

ಸರ್ಕಾರದ ಶಾಲೆಗಳಲ್ಲೇ ಜರಡಿ ಹಿಡಿದವೂ ಇವೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯಗಳಿಗೆ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಅವು ಬೇಡವೆಂದು ನಾನು ಹೇಳುತ್ತಿಲ್ಲ. 2024ರಲ್ಲಿ 625ಕ್ಕೆ 625 ತೆಗೆದ ಹುಡುಗಿ ಬಾಗಲಕೋಟೆ ಜಿಲ್ಲೆಯ ಒಂದು ಮೊರಾರ್ಜಿ ಶಾಲೆಯವಳು, ಬಡವರ ಮಕ್ಕಳಿಗೆ ಅಂಥ ಶಾಲೆ ಇನ್ನೂ ನಾಲ್ಕು ಬರಲಿ. ಆದರೆ ಕಲ್ಲು ಹೆಕ್ಕಿದ ಅಕ್ಕಿಯನ್ನು ಒಬ್ಬಳ ಕೈಗೆ, ಹೆಕ್ಕದ್ದನ್ನು ಇನ್ನೊಬ್ಬಳ ಕೈಗೆ ಕೊಟ್ಟು ಯಾರ ಅನ್ನ ಚೆನ್ನ ಎಂದು ಪಂದ್ಯ ಕಟ್ಟಿದರೆ ಯಾವ ಹೆಂಗಸು ಒಪ್ಪುತ್ತಾಳೆ?

ಇನ್ನು ಆ ಅಳತೆಗೋಲಿನ ಸಮಾಚಾರ ಕೇಳಿ. 2021ರಲ್ಲಿ ಎರಡೇ ದಿನ ಗುರುತು ಹಾಕುವ ಪರೀಕ್ಷೆ ಮಾಡಿದರು, ರಾಜ್ಯದಲ್ಲಿ ನೂರಕ್ಕೆ 99.9 ಪಾಸು. 2022ರಲ್ಲಿ 85.63, 2023ರಲ್ಲಿ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ಕಚೇರಿಯಲ್ಲಿ ಕೂತು ನೋಡಿದರು. ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡ 10ರಿಂದ 20ಕ್ಕೆ ಏರಿಸಿದ ಮೇಲೆ! 2025ರಲ್ಲಿ ಆ ಕೃಪೆ ತೆಗೆದರು, ಮೊದಲ ಪರೀಕ್ಷೆಯಲ್ಲಿ ಹೊಸಬರ ಫಲಿತಾಂಶ 66.14. 2023ರಲ್ಲಿ ರಾಜ್ಯಕ್ಕೇ ಮೊದಲು ಬಂದಿದ್ದ ಚಿತ್ರದುರ್ಗ ಜಿಲ್ಲೆ ಮರುವರ್ಷ ಮೊದಲ ಹತ್ತರಲ್ಲೂ ಇರಲಿಲ್ಲ. ಹನ್ನೆರಡು ತಿಂಗಳಲ್ಲಿ ಒಂದು ಇಡೀ ಜಿಲ್ಲೆಯ ಮೇಷ್ಟ್ರುಗಳಿಗೆ ಪಾಠ ಮರೆತುಹೋಯಿತೇ? 2025ರ ಅಕ್ಟೋಬರಿನಲ್ಲಿ ಇನ್ನೊಂದು ಬದಲಾವಣೆ ಪ್ರಕಟವಾಯಿತು: ಪಾಸಾಗಲು ಶೇಕಡ 35 ಬೇಡ, ಶಾಲೆಯವರೇ ಹಾಕುವ ಆಂತರಿಕ ಅಂಕವನ್ನೂ ಸೇರಿಸಿ ಒಟ್ಟು 625ಕ್ಕೆ ಕನಿಷ್ಠ 206 ಬರಬೇಕು ಎಂದು. ಮಕ್ಕಳಿಗೆ ಅದರಿಂದ ಅನುಕೂಲವಾದರೆ ಆಗಲಿ, ನನಗೆ ಹೊಟ್ಟೆಯುರಿಯಿಲ್ಲ. ಆದರೆ ಸೇರು ಚಿಕ್ಕದು ಮಾಡಿ ಅಳೆದು, ಈ ವರ್ಷ ರಾಗಿ ಜಾಸ್ತಿ ಬೆಳೆಯಿತು ಎಂದು ಯಾರೂ ಹೇಳಕೂಡದು.

ಈ ಒಂದು ಸಂಖ್ಯೆಯ ಭಯ ಶಾಲೆಯ ಒಳಗೆ ಏನು ಮಾಡುತ್ತದೆ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ದಸರಾ ರಜೆ ಮುಗಿಯುತ್ತಲೇ ‘ಪಾಸಿಂಗ್ ಪ್ಯಾಕೇಜು’ ಶುರು. ಸಮಾಜದಲ್ಲಿ ಭಾರತದ ನಕ್ಷೆ, ವಿಜ್ಞಾನದಲ್ಲಿ ನಾಲ್ಕು ಚಿತ್ರ, ಕನ್ನಡದಲ್ಲಿ ಒಂದು ಕಂಠಪಾಠದ ಪದ್ಯ, ಒಂದು ಗಾದೆ, ಒಂದು ರಜೆ ಅರ್ಜಿ. ಉಳಿದ ಪುಸ್ತಕ ಮುಚ್ಚಿಡಿ. ಮೇಷ್ಟ್ರಿಗೆ ಇಷ್ಟಿಷ್ಟು ಮಕ್ಕಳೆಂದು ದತ್ತು ಹಂಚಿಕೆ. ಬೆಳಿಗ್ಗೆ ಐದಕ್ಕೆ ಫೋನು ಮಾಡಿ ಎಬ್ಬಿಸಬೇಕು. ಅಂಚಿನಲ್ಲಿರುವ ಮಕ್ಕಳಿಗೆ ಇದರಿಂದ ದಡ ಸಿಗುವುದು ನಿಜ. ಆದರೆ ತೊಂಬತ್ತು ತೆಗೆಯಬಲ್ಲ ಹುಡುಗಿಯೂ ಅದೇ ನಕ್ಷೆಯನ್ನು ನಲವತ್ತನೇ ಸಲ ಬಿಡಿಸುತ್ತಾ ಕೂರುತ್ತಾಳೆ. ಅವಳು ಹೇಗೂ ಪಾಸಾಗುತ್ತಾಳಲ್ಲ, ಅವಳ ಚಿಂತೆ ಯಾರಿಗೂ ಇಲ್ಲ. ತೀರಾ ಹಿಂದಿರುವವನು ಹೇಗೂ ಫೇಲಾಗುತ್ತಾನೆ, ಅವನ ಚಿಂತೆಯೂ ಇಲ್ಲ.

ಹಾಗೆಂದು ಸರ್ಕಾರಿ ಶಾಲೆಯ ನಾವೆಲ್ಲ ದೇವತೆಗಳಲ್ಲ. ‘ಕೂಲಿಯವರ ಮಕ್ಕಳು, ಇನ್ನೇನು ಬರುತ್ತೆ ಇವಕ್ಕೆ’ ಎಂದು ಸ್ಟಾಫ್‌ರೂಮಿನಲ್ಲಿ ಕಾಲು ಚಾಚಿ ಮಾತಾಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮಗು ಬಡವ ಎಂಬುದು ಪಾಠ ಮಾಡದಿರಲು ರಜಾ ಚೀಟಿಯಲ್ಲ. ಅಂಥವರನ್ನು ಹಿಡಿಯಬೇಕಾದರೂ ಈ ಪರ್ಸೆಂಟೇಜು ಸಾಲದು. ಒಳ್ಳೆಯ ಮಕ್ಕಳ ಗುಂಪು ಬಂದ ವರ್ಷ ಅವರಿಗೂ ಶಾಲು ಹೊದಿಸುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಶಾಲೆಯ ಫಲಿತಾಂಶದ ಪಕ್ಕ ಇಷ್ಟು ಬರೆಯಲಿ: ಎಂಟಕ್ಕೆ ಸೇರಿದವರೆಷ್ಟು, ಸೇರುವಾಗ ಅವರಲ್ಲಿ ಸರಾಗ ಓದಬಲ್ಲವರೆಷ್ಟು, ನಡುವೆ ಹೋದವರೆಷ್ಟು, ಎಲ್ಲಿಗೆ ಹೋದರು, ಕೊನೆಗೆ ದಾಟಿದವರೆಷ್ಟು. ಇದಕ್ಕೆ ಸಮಿತಿ, ವರದಿ, ಕೋಟಿ ರೂಪಾಯಿ ಬೇಕಾಗಿಲ್ಲ. ಓದಿನ ಪರೀಕ್ಷೆ ಜೂನಿನ ಎರಡು ದಿನದ ಕೆಲಸ. ಉಳಿದದ್ದಕ್ಕೆ ರಾಜ್ಯದ ಪ್ರತಿ ಮಗುವಿಗೂ ಒಂದು ಎಸ್.ಎ.ಟಿ.ಎಸ್. ನಂಬರಿದೆ. ಮಗು ಯಾವ ಶಾಲೆಯಿಂದ ಯಾವ ಶಾಲೆಗೆ ಹೋಯಿತು ಎಂಬುದು ಇಲಾಖೆಯ ಕಂಪ್ಯೂಟರಿನಲ್ಲಿ ಕೂತಿದೆ. ನಾವೇ ರಾತ್ರಿ ನೆಟ್‌ವರ್ಕಿಗೆ ಕಾಯುತ್ತಾ ತುಂಬಿದ್ದು.

ಸರ್ಕಾರಿ ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ತಾಯಂದಿರೂ ಸದಸ್ಯರು. ಸಭೆಗೆ ಬಂದು, ಸಹಿ ಹಾಕಿ, ಕಾಫಿ ಕುಡಿದು ಹೋಗುವುದು ಈಗಿನ ಪದ್ಧತಿ. ಮುಂದಿನ ಸಭೆಯಲ್ಲಿ ಹಾಜರಿ ಪುಸ್ತಕ ತರಿಸಿ, ಈ ಪಟ್ಟಿಯನ್ನು ಆಫೀಸಿನ ಗೋಡೆಗೆ ಅಂಟಿಸಬೇಕೆಂದು ಠರಾವು ಬರೆಸಿ. ಖಾಸಗಿ ಶಾಲೆಗೆ ಫೀಸು ಕಟ್ಟುವವರು ಕಟ್ಟುವ ಮೊದಲು ಕೌಂಟರಿನಲ್ಲಿ ನಿಂತು ಇದೇ ಪಟ್ಟಿ ಕೇಳಿ. ಮೊದಲು ನಮ್ಮ ಶಾಲೆಯದೇ ಬೇಕೆಂದರೆ ಬನ್ನಿ; ಎಂಟನೇ ತರಗತಿಯ ರಿಜಿಸ್ಟರು ನನ್ನ ಬೀರುವಿನಲ್ಲೇ ಇದೆ.