ಲೋಟದಲ್ಲಿ ದ್ರಾಕ್ಷಿ ಎಷ್ಟು, ಗಾಳಿ ಎಷ್ಟು?

ಕೇಕ್ ಮಾಡುವ ವಿಧಾನದಲ್ಲಿ ‘ಒಣದ್ರಾಕ್ಷಿ 150 ಗ್ರಾಂ’ ಎಂದಿದೆ. ಮನೆಯಲ್ಲಿ ತಕ್ಕಡಿ ಇಲ್ಲ. ಒಂಬತ್ತನೇ ತರಗತಿಯ ಮಗಳು ಗೆರೆ ಹಾಕಿದ ಅಳತೆ ಲೋಟ ತಂದು, “150 ಮಿಲಿಲೀಟರ್ ಅಂದರೆ 150 ಗ್ರಾಂ ತಾನೇ ಅಮ್ಮ?” ಎನ್ನುತ್ತಾಳೆ. “ಓದಿದವಳು ನೀನು, ಹೌದೇನೋ ಹಾಕು” ಎಂದು ತಾಯಿ ಒಪ್ಪಿಬಿಡುತ್ತಾರೆ.

ಈ ಲೆಕ್ಕ ಸಲ್ಲುವುದು ನೀರಿಗೆ. ಒಂದು ಮಿಲಿಲೀಟರ್ ನೀರು ಹೆಚ್ಚುಕಡಿಮೆ ಒಂದು ಗ್ರಾಂ ತೂಗುತ್ತದೆ. ದ್ರಾಕ್ಷಿಯ ಸಂಗತಿಯೇ ಬೇರೆ. ಅಮೆರಿಕದ ಅಡುಗೆ ಪುಸ್ತಕಗಳ ‘ಕಪ್’ ಎಂದರೆ ಸುಮಾರು 237 ಮಿಲಿಲೀಟರ್. ಅದರಲ್ಲಿ ಸಡಿಲವಾಗಿ ತುಂಬಿದ ಒಣದ್ರಾಕ್ಷಿ ತೂಗುವುದು ಸುಮಾರು 145 ಗ್ರಾಂ. ಆ ಲೆಕ್ಕದಲ್ಲಿ ಮಗಳ ಅಳತೆಗೆ ಸಿಕ್ಕಿದ್ದು ಬರೀ 92 ಗ್ರಾಂ. 150 ಗ್ರಾಂ ಬೇಕಿದ್ದರೆ 245 ಮಿಲಿಲೀಟರಿನಷ್ಟು ತುಂಬಬೇಕಿತ್ತು.

ಹಾಗಾದರೆ ಒಣದ್ರಾಕ್ಷಿ ನೀರಿಗಿಂತ ಹಗುರವೇ? ಒಂದು ಕಾಳನ್ನು ನೀರಿಗೆ ಹಾಕಿ ನೋಡಿ, ಮುಳುಗುತ್ತದೆ. ಅಂದರೆ ಅದರ ಸಾಂದ್ರತೆ ನೀರಿಗಿಂತ ಹೆಚ್ಚು. 145 ಗ್ರಾಂ ದ್ರಾಕ್ಷಿ ನಿಜವಾಗಿ ಆಕ್ರಮಿಸುವ ಜಾಗ 145 ಮಿಲಿಲೀಟರಿಗಿಂತ ಕಡಿಮೆಯೇ ಇರಬೇಕು. ಕಪ್ಪಿನಲ್ಲಿ ಉಳಿದ 92 ಮಿಲಿಲೀಟರಿಗೂ ಮೀರಿದ ಜಾಗ ಗಾಳಿಯದು! ಸುಕ್ಕುಗಟ್ಟಿದ ಕಾಳುಗಳು ಒಂದಕ್ಕೊಂದು ಒತ್ತಿ ಕೂರುವುದಿಲ್ಲ, ನಡುವೆ ಸಂದು ಉಳಿಯುತ್ತದೆ.

ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ಲೋಟದ ತುಂಬ ಒಣದ್ರಾಕ್ಷಿ ಹಾಕಿ, ಅಳೆದಿಟ್ಟ ನೀರನ್ನು ಅಂಚಿನವರೆಗೆ ಸುರಿಯಿರಿ. ಎಷ್ಟು ನೀರು ಹಿಡಿಯಿತೋ ಸುಮಾರಾಗಿ ಅಷ್ಟು ಗಾಳಿ ಅಲ್ಲಿತ್ತು. ತಡ ಮಾಡಬಾರದು, ದ್ರಾಕ್ಷಿ ನೀರು ಕುಡಿದು ಉಬ್ಬತೊಡಗಿದರೆ ಲೆಕ್ಕ ಕೆಡುತ್ತದೆ. ಪ್ರಯೋಗ ಮುಗಿದ ಮೇಲೆ ದ್ರಾಕ್ಷಿಯನ್ನು ಏನು ಮಾಡಬೇಕೆಂದು ಹೇಳಿಕೊಡಬೇಕಾಗಿಲ್ಲ.

ಅದೇ ಕಪ್ಪಿಗೆ ದ್ರಾಕ್ಷಿಯನ್ನು ಒತ್ತಿ ತುಂಬಿದರೆ 165 ಗ್ರಾಂ ಹಿಡಿಯುತ್ತದೆ. ಸಂತೆಯಲ್ಲಿ ಸೇರಿನಿಂದ ಕಡಲೆಕಾಯಿ ಅಳೆಸುವಾಗ ಅಜ್ಜಿಯರು “ಸ್ವಲ್ಪ ಕುಲುಕಿ ಹಾಕಪ್ಪ” ಎನ್ನುತ್ತಿದ್ದುದು ಇದಕ್ಕೇ. ಭೌತಶಾಸ್ತ್ರ ಅವರಿಗೆ ಬರುತ್ತಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೆ. ಇವತ್ತಿಗೂ ಲೋಟದ ಲೆಕ್ಕದಲ್ಲಿ ಒಣಹಣ್ಣು ಕೊಳ್ಳುವವರು ಗಾಳಿಗೂ ದುಡ್ಡು ಕೊಡುತ್ತಿರುತ್ತಾರೆ.

ಹಣ್ಣು ಬದಲಾದರೆ ಅಂಕಿಯೂ ಬದಲಾಗುತ್ತದೆ. ಒಂದು ಕಪ್ ಹೆಚ್ಚಿದ ಖರ್ಜೂರ ಸುಮಾರು 147 ಗ್ರಾಂ, ಹೋಳು ಮಾಡಿದ ಒಣ ಏಪ್ರಿಕಾಟ್ ಸುಮಾರು 130 ಗ್ರಾಂ. ಕಪ್ ಕೂಡ ಎಲ್ಲೆಡೆ ಒಂದೇ ಅಲ್ಲ. ಆಸ್ಟ್ರೇಲಿಯಾದವರದು 250 ಮಿಲಿಲೀಟರ್. ಆದ್ದರಿಂದ ಪುಸ್ತಕದ ಕೋಷ್ಟಕಕ್ಕಿಂತ ಮನೆಯದೇ ಒಂದು ಕೋಷ್ಟಕ ಮೇಲು. ಅಂಗಡಿಯಿಂದ ತೂಕ ಮುದ್ರಿಸಿದ ಪೊಟ್ಟಣ ತಂದು, ದಿನಬಳಕೆಯ ಲೋಟದಲ್ಲಿ ಒತ್ತದೆ, ಕುಲುಕದೆ ಅಳೆದು, ಎಷ್ಟು ಲೋಟವಾಯಿತೆಂದು ಡಬ್ಬಿಯ ಮುಚ್ಚಳದ ಮೇಲೆ ಬರೆದಿಟ್ಟರೆ ಆಯಿತು. ನೆನೆಸುವುದಿದ್ದರೆ ಅಳತೆ ಮೊದಲು, ನೆನೆಸುವುದು ಆಮೇಲೆ.

ಅಂದಹಾಗೆ, ಆ ಮಗಳಿಗೆ ಲೋಟವೇ ಬೇಕಿರಲಿಲ್ಲ. ಅಡುಗೆಮನೆಯಲ್ಲಿದ್ದುದು ಇನ್ನೂ ಒಡೆಯದ 250 ಗ್ರಾಂ ಪೊಟ್ಟಣ. ತಟ್ಟೆಗೆ ಸುರಿದು ಐದು ಸಮಪಾಲು ಮಾಡಿ, ಮೂರು ಪಾಲು ಕೇಕಿಗೆ ಹಾಕಿದ್ದರೆ ಸಾಕಿತ್ತು.