ಪಾದೂರಿನ ಎಣ್ಣೆ ಮತ್ತು ಪರದೇಶದ ಮಕ್ಕಳು

2025ರ ಜೂನ್ 23ರ ರಾತ್ರಿ ಕತಾರಿನ ಅಲ್ ಉದೈದ್ ಸೇನಾ ನೆಲೆಯತ್ತ ಇರಾನಿನ ಕ್ಷಿಪಣಿಗಳು ಹಾರಿದ ಸುದ್ದಿ ಬಂದಾಗ ಸಂತೆಕಟ್ಟೆ, ಕಲ್ಯಾಣಪುರ, ತೊಟ್ಟಂ, ಕೆಮ್ಮಣ್ಣು ಪರಿಸರದ ಅನೇಕ ಮನೆಗಳಲ್ಲಿ ದೀಪ ಆರಲಿಲ್ಲ. ಜಪಸರ ಮುಗಿಸಿ ಮಲಗಲು ಹೊರಟ ತಾಯಂದಿರು ಮತ್ತೆ ದೂರವಾಣಿ ಕೈಗೆತ್ತಿಕೊಂಡರು. ಕತಾರ್, ಕುವೈಟ್, ಬಹರೈನ್ ಮೊದಲಾದ ರಾಷ್ಟ್ರಗಳ ವಾಯುಮಾರ್ಗಗಳು ಕೆಲವು ಗಂಟೆಗಳ ಕಾಲ ಮುಚ್ಚಿದವು. ದೇವರ ದಯೆಯಿಂದ ಆ ದಾಳಿಯಲ್ಲಿ ಪ್ರಾಣಹಾನಿಯಾಗಲಿಲ್ಲ. ಮರುದಿನವೇ ಇಸ್ರೇಲ್ ಮತ್ತು ಇರಾನ್ ನಡುವೆ ಕದನ ವಿರಾಮವೂ ಘೋಷಣೆಯಾಯಿತು. ಆದರೆ ಆ ಒಂದು ರಾತ್ರಿ ನಮ್ಮನ್ನು ಕೇಳಿದ ಪ್ರಶ್ನೆ ಕದನ ವಿರಾಮದೊಂದಿಗೆ ಮುಗಿಯುವಂಥದ್ದಲ್ಲ. ದೇಶದ ಭದ್ರತೆ ಎಂದರೆ ಯಾರ ಭದ್ರತೆ?

ಈ ಪ್ರಶ್ನೆ ನಮ್ಮ ಹಿರಿಯರಿಗೆ ಹೊಸತೇನಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈಟನ್ನು ಆಕ್ರಮಿಸಿದಾಗ ಅಲ್ಲಿ ದುಡಿಯುತ್ತಿದ್ದ ಭಾರತೀಯರ ಬದುಕು ಒಂದೇ ದಿನದಲ್ಲಿ ತಲೆಕೆಳಗಾಯಿತು. ಬ್ಯಾಂಕಿನಲ್ಲಿಟ್ಟ ಹಣ ಕೈಗೆ ಸಿಗಲಿಲ್ಲ, ಕೆಲಸ ಹೋಯಿತು, ಊರಿಗೆ ಸುದ್ದಿ ಮುಟ್ಟಿಸುವ ದಾರಿಯೂ ಮುಚ್ಚಿತು. ಅಂದಿನ ವಿದೇಶಾಂಗ ಸಚಿವ ಐ. ಕೆ. ಗುಜ್ರಾಲರು ಬಾಗ್ದಾದಿಗೆ ತೆರಳಿ ಮಾತುಕತೆ ನಡೆಸಿದರು. ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿದ ಜನರನ್ನು ಏರ್ ಇಂಡಿಯಾ ವಿಮಾನಗಳು ಮುಂಬಯಿಗೆ ಕರೆತಂದವು. ಸುಮಾರು 59 ದಿನಗಳಲ್ಲಿ 488 ಹಾರಾಟ ನಡೆಸಿ 1.70 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಪಾರುಮಾಡಿದ ಆ ಕಾರ್ಯ ಜಗತ್ತಿನ ನಾಗರಿಕ ವಿಮಾನಯಾನದ ಇತಿಹಾಸದಲ್ಲಿ ದಾಖಲೆಯಾಗಿ ಉಳಿದಿದೆ. ಕೊಂಕಣ ರೈಲು ಇನ್ನೂ ಬಾರದಿದ್ದ ಕಾಲವದು. ಮುಂಬಯಿಯಲ್ಲಿ ಇಳಿದ ನಮ್ಮವರು ಬಸ್ಸು ಹಿಡಿದು ಕರಾವಳಿಯುದ್ದಕ್ಕೂ ಬಂದು ಊರು ಸೇರಬೇಕಿತ್ತು. ಆ ವರ್ಷದ ಮೊಂತಿ ಹಬ್ಬದ ಹೊತ್ತಿಗೆ ತೆರವು ಕಾರ್ಯ ಇನ್ನೂ ನಡೆಯುತ್ತಲೇ ಇತ್ತು. ಹೊಸ ಅಕ್ಕಿಯ ಊಟಕ್ಕೆ ಕುಳಿತಾಗ ಬಾರದ ಮಗನ ಪಾಲನ್ನು ಎತ್ತಿಟ್ಟ ತಾಯಂದಿರ ನೋವನ್ನು ಬಲ್ಲ ಕುಟುಂಬಗಳು ನಮ್ಮ ನಡುವೆ ಇವೆ.

ಮರಳಿ ಬಂದವರ ಕಷ್ಟ ಅವರ ಮನೆಯ ಅಂಗಳದಲ್ಲೇ ನಿಲ್ಲಲಿಲ್ಲ. ಎಣ್ಣೆಯ ಬೆಲೆ ಏರಿತು. ಕುವೈಟ್ ಮತ್ತು ಇರಾಕಿನಿಂದ ಬರುತ್ತಿದ್ದ ಹಣ ನಿಂತಿತು. ಮೊದಲೇ ಬಡವಾಗಿದ್ದ ದೇಶದ ವಿದೇಶಿ ವಿನಿಮಯದ ಬೊಕ್ಕಸ 1991ರ ಮಧ್ಯದ ವೇಳೆಗೆ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿಯಿತು. ಆ ವರ್ಷದ ಜುಲೈಯಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಸಾಗಿಸಿ ಅಡವಿಡಬೇಕಾಯಿತು. ಮನೆಯ ಚಿನ್ನ ಅಡವಿಡುವುದೆಂದರೇನು ಎಂಬುದನ್ನು ನಮ್ಮ ಕುಟುಂಬಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಡಿಯಲ್ಲಿ ಒಂದು ಗುಂಡೂ ಹಾರದೆ, ಒಂದಿಂಚು ನೆಲವೂ ಕೈತಪ್ಪದೆ ಇದ್ದರೂ, ನೆರೆಯ ಸಮುದ್ರದಾಚೆಯ ಯುದ್ಧವೊಂದು ಭಾರತವನ್ನು ಅಂಥ ಸ್ಥಿತಿಗೆ ತಳ್ಳಲು ನೆರವಾಯಿತು. ಭದ್ರತೆಯ ಅರ್ಥವನ್ನು ಸೇನೆ, ಗಡಿ ಮತ್ತು ಶಸ್ತ್ರಾಸ್ತ್ರಗಳಿಂದಾಚೆಗೂ ವಿಸ್ತರಿಸಬೇಕೆಂಬ ಪಾಠವನ್ನು ದೇಶ ಅಂದು ಕಲಿಯಬೇಕಿತ್ತು.

ಆ ಪಾಠದ ಅರ್ಧಭಾಗವನ್ನು ಕಲಿತಿದ್ದೇವೆ ಎಂಬುದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ಸಂತೆಕಟ್ಟೆಯಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಸಾಗಿ, ಕಾಪುವಿನಲ್ಲಿ ಒಳಕ್ಕೆ ತಿರುಗಿದರೆ ಪಾದೂರು ಸಿಗುತ್ತದೆ. ಅಲ್ಲಿ ನೆಲದಡಿಯ ಬಂಡೆಯನ್ನು ಕೊರೆದು ನಿರ್ಮಿಸಿದ ಬೃಹತ್ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಸಂಗ್ರಹಿಸುವ ವ್ಯವಸ್ಥೆ ಇದೆ. ಸುತ್ತಲಿನ ಅಂತರ್ಜಲದ ಒತ್ತಡವೇ ಎಣ್ಣೆ ಹೊರಸೋರದಂತೆ ತಡೆಯುತ್ತದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಸಾಮರ್ಥ್ಯದ ಇಂಥವೇ ಗುಹೆಗಳಿವೆ. ಈ ಮೂರೂ ತುಂಬಿದ್ದರೆ ದೇಶದ ಸುಮಾರು ಒಂಬತ್ತೂವರೆ ದಿನಗಳ ಅಗತ್ಯಕ್ಕೆ ಸಾಕೆಂದು ಲೆಕ್ಕ ಹಾಕಲಾಗಿತ್ತು. ಈ ಸಂಗ್ರಹದಲ್ಲಿ ಅತಿ ದೊಡ್ಡ ಪಾಲು ಪಾದೂರಿನದು. ಇದಕ್ಕಾಗಿ ನೆಲ ಬಿಟ್ಟುಕೊಟ್ಟ ಕುಟುಂಬಗಳು ಇಲ್ಲಿಯವೇ ಎಂಬುದನ್ನು ನಾವು ಮರೆಯಬಾರದು. ಏಳು ಸಮೃದ್ಧ ವರ್ಷಗಳ ಧಾನ್ಯವನ್ನು ಕಣಜಗಳಲ್ಲಿ ತುಂಬಿಸಿ ಈಜಿಪ್ಟನ್ನು ಕ್ಷಾಮದಿಂದ ಕಾಪಾಡಿದ ಜೋಸೆಫನ ವೃತ್ತಾಂತವನ್ನು ಪವಿತ್ರ ಗ್ರಂಥದಲ್ಲಿ ಓದಿರುವ ನಮಗೆ ಇಂಥ ಮುಂದಾಲೋಚನೆಯ ಬೆಲೆ ತಿಳಿಯದ್ದಲ್ಲ.

ಈ ಮುಂದಾಲೋಚನೆ ಅನಗತ್ಯವೆಂದು ಯಾರೂ ಹೇಳಲಾರರು. 2023ರ ಡಿಸೆಂಬರ್ 23ರಂದು ಸೌದಿ ಅರೇಬಿಯಾದಿಂದ ಮಂಗಳೂರಿಗೆ ಕಚ್ಚಾ ತೈಲ ತರುತ್ತಿದ್ದ ಕೆಮ್ ಪ್ಲೂಟೋ ಎಂಬ ಹಡಗಿನ ಮೇಲೆ ಅರಬ್ಬೀ ಸಮುದ್ರದಲ್ಲಿ ಡ್ರೋನ್ ದಾಳಿ ನಡೆಯಿತು. ಗಾಜಾದ ಯುದ್ಧದ ಕಿಡಿ ನಮ್ಮ ಬಂದರಿನತ್ತ ಬರುತ್ತಿದ್ದ ಹಡಗಿಗೇ ತಗಲಿತು. ಆ ಹಡಗಿನಲ್ಲಿದ್ದ 22 ಸಿಬ್ಬಂದಿಯಲ್ಲಿ 21 ಮಂದಿ ಭಾರತೀಯರು. ಕರಾವಳಿ ಕಾವಲು ಪಡೆಯ ನೌಕೆ ಅದನ್ನು ಸುರಕ್ಷಿತವಾಗಿ ಮುಂಬಯಿಗೆ ಕರೆತಂದಿತು. ಇಲ್ಲೊಂದು ಮಾತು ಗಮನಾರ್ಹ. ಆ ದಿನ ಅಪಾಯದಲ್ಲಿದ್ದುದು ಎಣ್ಣೆ ಮಾತ್ರವಲ್ಲ, ಎಣ್ಣೆ ತರುತ್ತಿದ್ದ ಮನುಷ್ಯರು ಕೂಡ. ಎಣ್ಣೆಗಾದರೆ ಪಾದೂರಿನ ಬಂಡೆಯ ಆಸರೆ ಇದೆ. ಆ ಎಣ್ಣೆಯ ನಾಡಿನಲ್ಲಿ ಮತ್ತು ಅದನ್ನು ಸಾಗಿಸುವ ಹಡಗುಗಳಲ್ಲಿ ದುಡಿಯುವ ಮಕ್ಕಳಿಗೆ ಯಾವ ಆಸರೆ ಇದೆ? ಪಾಠದ ಕಲಿಯದೆ ಉಳಿದ ಅರ್ಧಭಾಗ ಇದು.

ಅವರೆಷ್ಟು ಮಂದಿ ಎಂಬ ಪೂರ್ಣ ಲೆಕ್ಕವೂ ನಮ್ಮಲ್ಲಿ ಇದ್ದಂತಿಲ್ಲ. 1983ರ ವಲಸೆ ಕಾಯಿದೆಯ ವ್ಯವಸ್ಥೆಯಲ್ಲಿ ಸರಕಾರದ ದಾಖಲೆಗೆ ಮುಖ್ಯವಾಗಿ ಬಂದವರು ಹತ್ತನೆಯ ತರಗತಿ ದಾಟದ ಕಾರ್ಮಿಕರು. ಪ್ರವಾಸಿ ಭಾರತೀಯ ವಿಮೆ ಕಡ್ಡಾಯವಾದುದೂ ಅವರಿಗೇ. ನಮ್ಮ ಸಮಾಜದ ಯುವಕ ಯುವತಿಯರಲ್ಲಿ ಬಹುಪಾಲು ಹತ್ತನೆಯ ತರಗತಿ ಮುಗಿಸಿದವರಾದುದರಿಂದ ಈ ಪಟ್ಟಿಯ ಹೊರಗೇ ಉಳಿದರು. ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕೆ ಹೋಗುವ ಇಂಥವರೂ ಹೆಸರು ನೋಂದಾಯಿಸಬೇಕೆಂದು ಕೇಂದ್ರ ಸರಕಾರ 2018ರ ನವೆಂಬರಿನಲ್ಲಿ ಪ್ರಕಟಿಸಿತ್ತು. ಪ್ರಯಾಣಕ್ಕೆ ತೊಂದರೆಯಾಗುತ್ತದೆಂಬ ಆಕ್ಷೇಪ ಬಂದ ಮೇಲೆ ಆ ಕಡ್ಡಾಯವನ್ನು ತಡೆಹಿಡಿಯಿತು. ಆಕ್ಷೇಪಿಸಿದವರಲ್ಲಿ ನಮ್ಮವರೂ ಇದ್ದಿರಬಹುದು. ಆದರೆ ಆಪತ್ತು ಬಂದಾಗ ಹುಡುಕಬೇಕಾದರೆ ಹೆಸರಾದರೂ ಎಲ್ಲೋ ಒಂದೆಡೆ ಬರೆದಿರಬೇಡವೇ?

ಆಪತ್ತು ಬಂದಾಗ ವಿಮಾನ ಕಳುಹಿಸಿದರಾಯಿತು ಎಂಬ ಸಮಾಧಾನ ಸಾಲದು. 2015ರಲ್ಲಿ ಯೆಮೆನಿನಿಂದ, 2025ರ ಜೂನಿನಲ್ಲಿ ಇರಾನ್ ಮತ್ತು ಇಸ್ರೇಲಿನಿಂದ ಭಾರತ ತನ್ನವರನ್ನು ಕರೆತಂದ ರೀತಿ ಪ್ರಶಂಸನೀಯ. ಆಪರೇಶನ್ ಸಿಂಧು ಹೆಸರಿನಲ್ಲಿ ನಡೆದ ಎರಡನೆಯ ಕಾರ್ಯದಲ್ಲಿ 4,400ಕ್ಕೂ ಹೆಚ್ಚು ಮಂದಿ ಮರಳಿದರು. ಆದರೆ ಆರು ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ಭಾರತೀಯರ ಸಂಖ್ಯೆ ಸುಮಾರು 90 ಲಕ್ಷ. 1990ರ ಆ ದಾಖಲೆಯ ವೇಗದಲ್ಲಿಯೇ ಅವರನ್ನು ಕರೆತರುವುದಾದರೂ ಎಂಟು ವರ್ಷಗಳಿಗೂ ಹೆಚ್ಚು ಕಾಲ ಬೇಕು. ಕೊಲ್ಲಿಯಲ್ಲಿ ದೊಡ್ಡ ಯುದ್ಧ ಎದ್ದರೆ ಎಲ್ಲರನ್ನೂ ಹೊತ್ತು ತರುವ ವಿಮಾನಬಲ ಯಾವ ದೇಶಕ್ಕೂ ಇಲ್ಲ. ಆದುದರಿಂದ ಅಲ್ಲಿ ಯುದ್ಧ ಏಳದಂತೆ ನೋಡಿಕೊಳ್ಳುವುದೇ ನಮ್ಮ ಮಕ್ಕಳಿಗಿರುವ ನಿಜವಾದ ರಕ್ಷಣೆ. ಪಶ್ಚಿಮ ಏಷ್ಯಾದ ಶಾಂತಿಗಾಗಿ ಭಾರತ ಆಡುವ ಒಂದೊಂದು ಮಾತೂ ರಾಷ್ಟ್ರೀಯ ಭದ್ರತೆಯ ಕೆಲಸವೇ ಹೊರತು ಪರರಿಗೆ ಮಾಡುವ ಉಪಕಾರವಲ್ಲ.

ಹಣದ ಆಸೆಗೆ ತಾವಾಗಿಯೇ ಹೋದವರ ಹೊಣೆಯನ್ನು ದೇಶವೇಕೆ ಹೊರಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ಅನ್ಯಾಯದ್ದಲ್ಲ, ಉತ್ತರಿಸಬೇಕಾದದ್ದೇ. 1998ರ ಮೇ ತಿಂಗಳ ಪೋಖ್ರಾನ್ ಅಣುಪರೀಕ್ಷೆಯ ಬಳಿಕ ಹಲವು ರಾಷ್ಟ್ರಗಳು ಆರ್ಥಿಕ ನಿರ್ಬಂಧ ಹೇರಿದಾಗ ಸರಕಾರ ಅನಿವಾಸಿ ಭಾರತೀಯರಿಗಾಗಿ ಬಾಂಡುಗಳನ್ನು ಹೊರಡಿಸಿತು. ಅವರು 400 ಕೋಟಿ ಡಾಲರಿಗೂ ಮಿಕ್ಕಿ ಹಣ ತೊಡಗಿಸಿ ದೇಶದ ಕೈ ಹಿಡಿದರು. 2023-24ರಲ್ಲಿ ಹೊರದೇಶಗಳಲ್ಲಿರುವವರು ಭಾರತಕ್ಕೆ ಕಳುಹಿಸಿದ ಹಣ 11,870 ಕೋಟಿ ಡಾಲರ್. ಅದರಲ್ಲಿ ಶೇಕಡಾ 38ರಷ್ಟು ಕೊಲ್ಲಿ ರಾಷ್ಟ್ರಗಳಿಂದ ಬಂದಿತೆಂದು ರಿಸರ್ವ್ ಬ್ಯಾಂಕಿನ ಸಮೀಕ್ಷೆ ತಿಳಿಸುತ್ತದೆ. ಹೀಗೆ ದೇಶದ ಬೊಕ್ಕಸಕ್ಕೆ ಆಧಾರವಾದವರಿಗೆ ದೇಶವೂ ಆಧಾರವಾಗಬೇಕೆಂದು ಕೇಳುವುದು ದಾನವನ್ನು ಬೇಡಿದಂತಲ್ಲ.

ಹಾಗಿದ್ದರೆ ಆಗಬೇಕಾದುದೇನು? ಕೇಂದ್ರ ಸರಕಾರವು ಓದಿದವರು, ಓದದವರು ಎಂಬ ಭೇದವಿಲ್ಲದೆ ಹೊರದೇಶದಲ್ಲಿ ದುಡಿಯುವ ಪ್ರತಿಯೊಬ್ಬನನ್ನೂ ದಾಖಲೆಗೆ ಮತ್ತು ವಿಮೆಗೆ ಒಳಪಡಿಸಬೇಕು. ಆ ನೋಂದಣಿ ಪ್ರಯಾಣಿಕರನ್ನು ವಿಮಾನ ನಿಲ್ದಾಣದಲ್ಲಿ ತಡೆಯುವ ಗೋಡೆಯಾಗದೆ ಸುಲಭವಾಗಿರಬೇಕು. ಕೇರಳವು 1996ರಲ್ಲಿಯೇ ಅನಿವಾಸಿಗಳಿಗಾಗಿ ಪ್ರತ್ಯೇಕ ಇಲಾಖೆ ತೆರೆಯಿತು. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆಯಾದರೂ ಇಲಾಖೆಯ ಬಲವೂ ನಿಧಿಯೂ ಬೇಕೆಂಬ ಬೇಡಿಕೆ ಹಳೆಯದು. ಬರಿಗೈಯಲ್ಲಿ ಮರಳಿದವನಿಗೆ ಸಾಲ, ತರಬೇತಿ, ಮಕ್ಕಳ ಶಾಲಾ ಪ್ರವೇಶ ಇವು ಅರ್ಜಿ ಹಿಡಿದು ಅಲೆಯದೆ ದೊರಕುವಂತಾಗಬೇಕು. ಎಣ್ಣೆಯ ಕಣಜ ಕಟ್ಟಿದ ಜಿಲ್ಲೆಯಲ್ಲಿ ಮನುಷ್ಯರ ಆಸರೆಗಾಗಿಯೂ ಒಂದು ಕಣಜವಿರಲಿ ಎಂಬುದೇ ನಮ್ಮ ಬೇಡಿಕೆ.

ಸರಕಾರವನ್ನು ಕೇಳಿದ ಮೇಲೆ ನಮ್ಮನ್ನೂ ಕೇಳಿಕೊಳ್ಳೋಣ. ಕುವೈಟ್ ಸಂತ್ರಸ್ತರಿಗೆ ಇರಾಕಿನ ಎಣ್ಣೆಯ ಹಣದಿಂದ ಪರಿಹಾರ ಕೊಡಿಸಲು ವಿಶ್ವಸಂಸ್ಥೆ 1991ರಲ್ಲಿ ಆಯೋಗ ರಚಿಸಿತು. ಅದರ ಕೊನೆಯ ಕಂತು ಸಂದಾಯವಾದುದು 2022ರಲ್ಲಿ. ನಷ್ಟವನ್ನು ತೋರಿಸಲು ಬೇಕಾದದ್ದು ಕಾಗದಪತ್ರ. ಮಗನ ಪಾಸ್‌ಪೋರ್ಟ್, ವೀಸಾ, ಉದ್ಯೋಗದ ಕರಾರು ಪತ್ರಗಳ ಪ್ರತಿ ಊರಿನ ಮನೆಯ ಕಪಾಟಿನಲ್ಲಿ ಇದೆಯೇ? ಅಲ್ಲಿಂದ ಬಂದ ಹಣವೆಲ್ಲ ಮನೆಯ ಮಹಡಿಗೆ, ಮದುವೆಯ ರೋಸಿನ ಆಡಂಬರಕ್ಕೆ ಹೋಗದೆ ಆರು ತಿಂಗಳ ಜೀವನಕ್ಕಾದರೂ ಉಳಿದಿದೆಯೇ? ವಾಳೆಯ ಗುರಿಕಾರರು ಬರಹೇಳಿದರೆ ಯಾರು ಯಾವ ದೇಶದಲ್ಲಿದ್ದಾರೆಂಬ ಪಟ್ಟಿ ಒಂದು ಭಾನುವಾರದಲ್ಲಿ ಸಿದ್ಧವಾಗುತ್ತದೆ. ಪ್ರತಿ ಧರ್ಮಕೇಂದ್ರದ ಪಾಲನಾ ಮಂಡಳಿ ಈ ಕೆಲಸವನ್ನು ಕೈಗೆತ್ತಿಕೊಂಡರೆ ಅದಕ್ಕೆ ತಗಲುವ ವೆಚ್ಚ ಒಂದು ಪುಸ್ತಕ ಮಾತ್ರ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ಯುದ್ಧದ ಸುದ್ದಿ ಬಂದಾಗ ನಾವು ಮೊದಲು ಲೆಕ್ಕ ಹಾಕುವುದು ನಮ್ಮವರ ಸಂಬಳವನ್ನು. ಅದು ಸಹಜ, ಆದರೆ ಅಲ್ಲಿಗೇ ನಿಲ್ಲಬಾರದು. ನಮ್ಮ ಮಗ ದುಡಿಯುವ ನಾಡುಗಳಲ್ಲಿ ಪಾಕಿಸ್ತಾನದ, ಬಾಂಗ್ಲಾದೇಶದ, ಫಿಲಿಪ್ಪೀನ್ಸಿನ ತಾಯಂದಿರ ಮಕ್ಕಳೂ ಅವನ ಜೊತೆಯಲ್ಲೇ ಬೆವರು ಸುರಿಸುತ್ತಾರೆ. ಗಾಜಾದಲ್ಲಿ ಮನೆ ಕಳೆದುಕೊಂಡವಳೂ, ತೆಹರಾನಿನಲ್ಲಿ, ಟೆಲ್ ಅವಿವಿನಲ್ಲಿ ಸೈರನ್ನಿಗೆ ಬೆದರಿದ ಮಗುವೂ ನಮಗೆ ಅನ್ಯರಲ್ಲ. 1991ರ ಜನವರಿ 15ರಂದು, ಕೊಲ್ಲಿ ಯುದ್ಧ ಸ್ಫೋಟಿಸುವ ಮುನ್ನ, ಜಗದ್ಗುರು ದ್ವಿತೀಯ ಜಾನ್ ಪಾಲರು ಅಮೆರಿಕದ ಅಧ್ಯಕ್ಷರಿಗೂ ಇರಾಕಿನ ಅಧ್ಯಕ್ಷರಿಗೂ ಪತ್ರ ಬರೆದು ಯುದ್ಧ ಬೇಡವೆಂದು ವಿನಂತಿಸಿದರು. ಅವರ ಮಾತಿಗೆ ಅಂದು ಮನ್ನಣೆ ದೊರೆಯಲಿಲ್ಲ. ಮನ್ನಣೆ ದೊರೆಯದಿದ್ದರೂ ಇಬ್ಬರಿಗೂ ಬರೆದರೆಂಬುದು ನಮಗೆ ದಾರಿದೀಪವಾಗಬೇಕು.

ಜೋಸೆಫನ ಕಣಜದ ಬಾಗಿಲು ಈಜಿಪ್ಟಿನವರಿಗೆ ಮಾತ್ರವಲ್ಲ, ಹಸಿದು ಬಂದ ಪರದೇಶಿಗಳಿಗೂ ತೆರೆಯಿತು. ಹಾಗೆ ಬಂದವರಲ್ಲಿ ಅವನ ಅಣ್ಣಂದಿರೇ ಇದ್ದರು. ಎಲ್ಲರಿಗೂ ತೆರೆದ ಕಣಜವೇ ಕೊನೆಗೆ ಅವನ ಮನೆಯವರನ್ನೂ ಉಳಿಸಿತು. ಭದ್ರತೆಯ ಕುರಿತು ದೇಶ ಮತ್ತೆ ಚಿಂತಿಸುವಾಗ ಈ ಮಾತು ನೆನಪಿರಲಿ. ಪಾದೂರೂ ಸೇರಿ ಮೂರೂ ಕಡೆಯ ಬಂಡೆಯೊಳಗಿನ ಎಣ್ಣೆ ಒಂಬತ್ತೋ ಹತ್ತೋ ದಿನಗಳಿಗೆ ಬಂದೀತು. ಅದಕ್ಕೂ ಹೆಚ್ಚು ಕಾಲ ಬಾಳುವುದು ನೆರೆಯವರೊಂದಿಗಿನ ಶಾಂತಿ ಮತ್ತು ತನ್ನವರನ್ನು ಲೆಕ್ಕದಲ್ಲಿಟ್ಟುಕೊಂಡ ದೇಶದ ಮೇಲೆ ಜನರಿಗಿರುವ ನಂಬಿಕೆ. ಇನ್ನೊಂದು ಯುದ್ಧದ ಸುದ್ದಿ ಬರುವ ಮೊದಲೇ ಈ ಕೆಲಸಕ್ಕೆ ಸರಕಾರವೂ ಸಮಾಜವೂ ಕೈಹಚ್ಚಲಿ ಎಂಬುದು ನಮ್ಮ ಆಶಯ.